ಇಪ್ಪತ್ತೊಂದರಲ್ಲಿ ಒಂದು ಪಾಲು

ತೆರಿಗೆಯ ಮಾತು ಬಂದೊಡನೆ ಮುಖ ಸಿಂಡರಿಸದ ಗೃಹಸ್ಥನಿಲ್ಲ. ಸಂಬಳದ ಚೀಟಿಯಲ್ಲಿ ಕಡಿತವಾದ ಮೊತ್ತವನ್ನು ಕಂಡಾಗ, ಮನೆಕಂದಾಯದ ನೋಟೀಸು ಬಾಗಿಲಿಗೆ ಬಂದಾಗ, ಅಂಗಡಿಯ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದ ಶೇಕಡಾ ಲೆಕ್ಕ ಕಣ್ಣಿಗೆ ಬಿದ್ದಾಗ ಸರ್ಕಾರದ ಮೇಲೆ ಸಿಟ್ಟು ಬರುವುದು ಸಹಜ. ಅದರಿಂದಲೇ ಇರಬೇಕು, ಧನಿಕರ ಮೇಲಿನ ತೆರಿಗೆ ಹೆಚ್ಚಬೇಕೆಂಬ ಮಾತು ಎದ್ದಾಗಲೂ ಮಧ್ಯಮ ವರ್ಗದ ಅನೇಕರು ಧನಿಕರ ಪಕ್ಷವನ್ನೇ ವಹಿಸುತ್ತಾರೆ. ತೆರಿಗೆಯೆಂಬುದೇ ಕೆಟ್ಟದ್ದು, ಅದು ಯಾರ ಮೇಲೆ ಬಿದ್ದರೂ ಕೆಟ್ಟದ್ದೇ ಎಂಬ ಭಾವನೆ ಅವರದು. ಈ ಭಾವನೆಯನ್ನು ಒರೆಗೆ ಹಚ್ಚಲು ಅರ್ಥಶಾಸ್ತ್ರದ ದಪ್ಪ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ಬಂಗಾರಪೇಟೆಯಲ್ಲಿ ಕವಲೊಡೆಯುವ ರೈಲುಹಾದಿಯನ್ನು ಹಿಡಿದು ಕೋಲಾರದ ಚಿನ್ನದ ಗಣಿಗಳಿಗೆ, ಆ ಗಣಿಗಳ ಪೇಟೆಯಾದ ರಾಬರ್ಟ್‌ಸನ್‌ಪೇಟೆಗೆ ಹೋದರೆ ಸಾಕು. ಸಂಪತ್ತು ಎಲ್ಲಿ ಹುಟ್ಟುತ್ತದೆ, ಯಾರ ಮನೆಗೆ ಸೇರುತ್ತದೆ, ಅದರಲ್ಲಿ ನಾಡಿನ ಪಾಲೆಷ್ಟು ಎಂಬ ಪ್ರಶ್ನೆಗೆ ಅಷ್ಟು ಸ್ಪಷ್ಟವಾದ ಲೆಕ್ಕ ಬೇರೆಡೆ ದೊರೆಯುವುದು ವಿರಳ.

ಈ ನೆಲದ ಆಧುನಿಕ ಗಣಿಗಾರಿಕೆಯ ಕಥೆ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕನಿಂದ ಆರಂಭವಾಗುತ್ತದೆ. 1875ರಲ್ಲಿ ಆತನು ಇಲ್ಲಿ ಅಗೆಯುವ ಹಕ್ಕನ್ನು ಸಂಪಾದಿಸಿದನು. ಕೈಯಲ್ಲಿ ಹಣ ಸಾಲದೆ ಆ ಹಕ್ಕು ಕೈಬದಲಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ರಂಗಕ್ಕಿಳಿಯಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕದಲ್ಲೊಂದು ನೆಲವನ್ನು ಕೊರೆದುಕೊಂಡು ಇಳಿದುವು. ಷೇರುಗಳು ಇಂಗ್ಲೆಂಡಿನಲ್ಲಿ ಮಾರಾಟವಾದುವು. ಹೊರತೆಗೆದ ಚಿನ್ನದ ಬೆಲೆಯಲ್ಲಿ ಶೇಕಡಾ 5ರಷ್ಟನ್ನು ರಾಜಧನವಾಗಿ, ಎಂದರೆ ರಾಯಲ್ಟಿಯಾಗಿ, ಮೈಸೂರು ಸಂಸ್ಥಾನಕ್ಕೆ ಸಲ್ಲಿಸುವುದೆಂದು ಕರಾರು.

1904ರ ಕೊನೆಯವರೆಗೆ ಏನಾಯಿತೆಂಬುದನ್ನು ಅಂದಿನ ಬ್ರಿಟಿಷ್ ಗ್ರಂಥಗಳೇ ಹೆಮ್ಮೆಯಿಂದ ದಾಖಲಿಸಿವೆ. ಅಲ್ಲಿಯವರೆಗೆ ತೆಗೆದ ಚಿನ್ನದ ಬೆಲೆ ಸುಮಾರು 2 ಕೋಟಿ 10 ಲಕ್ಷ ಪೌಂಡು. ಅದರಲ್ಲಿ ಷೇರುದಾರರಿಗೆ ಹಂಚಿದ ಲಾಭಾಂಶ ಸುಮಾರು 90 ಲಕ್ಷ ಪೌಂಡು. ಮೈಸೂರು ಸಂಸ್ಥಾನಕ್ಕೆ ಬಂದ ರಾಜಧನ ಸುಮಾರು 10 ಲಕ್ಷ ಪೌಂಡು. ಉಳಿದುದು ಕೂಲಿಗೆ, ಯಂತ್ರಕ್ಕೆ, ಸೌದೆಗೆ, ಆಡಳಿತಕ್ಕೆ ವ್ಯಯವಾಯಿತೆನ್ನೋಣ. ಇಪ್ಪತ್ತೊಂದು ಪಾಲಿನಲ್ಲಿ ಒಂಬತ್ತು ಪಾಲು ಹಡಗು ಹತ್ತಿತು. ಒಂದು ಪಾಲು ನೆಲದ ಒಡೆಯನಿಗೆ ದಕ್ಕಿತು. ಆ ಒಂದು ಪಾಲನ್ನು ಅಂದಿನ ವಿನಿಮಯದ ದರದಲ್ಲಿ ರೂಪಾಯಿಗೆ ಪರಿವರ್ತಿಸಿದರೆ ಒಂದೂವರೆ ಕೋಟಿ. ಮೈಸೂರು ಆಗ ಬ್ರಿಟಿಷ್ ಸರ್ಕಾರಕ್ಕೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿಯನ್ನು ತೆರುತ್ತಿತ್ತು. ಇಪ್ಪತ್ತು ವರ್ಷಗಳಿಗೂ ಮೀರಿದ ಅವಧಿಯ ಚಿನ್ನದ ರಾಜಧನವೆಲ್ಲ ಸೇರಿದರೂ ನಾಲ್ಕೂಚಿಲ್ಲರೆ ವರ್ಷಗಳ ಪೊಗದಿಗೆ ಸಮ.

ಬಂಡವಾಳ ಹೂಡಿದವರಿಗೆ ಲಾಭ ಸಿಗಬೇಡವೆ ಎಂದು ಕೇಳುವವರುಂಟು. ಸಿಗಬೇಕು. ಮೊದಲ ಕೆಲವು ವರ್ಷ ಈ ಕಂಪನಿಗಳು ಕಂಡದ್ದು ಬರಿಯ ನಷ್ಟವನ್ನು. ಅನೇಕರು ಗಂಟುಮೂಟೆ ಕಟ್ಟುವ ಹಂತಕ್ಕೆ ಬಂದಿದ್ದಾಗ, 1880ರ ದಶಕದ ನಡುವಿನಲ್ಲಿ, ಮೈಸೂರು ಗಣಿಯಲ್ಲಿ ಸಮೃದ್ಧವಾದ ಅದಿರಿನ ಪದರ ಸಿಕ್ಕಿತು. ಅಪಾಯಕ್ಕೆ ಎದೆಯೊಡ್ಡಿದವನಿಗೆ ಪ್ರತಿಫಲ ದೊರೆಯುವುದು ನ್ಯಾಯ. ಮೊದಲ ದಿನಗಳಲ್ಲಿ ಶೇಕಡಾ 5 ಸಾಕೆಂದು ಸಂಸ್ಥಾನ ಒಪ್ಪಿದ್ದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಆ ಲಾಭವನ್ನು ಲಂಡನ್ನಿನ ಹಣ ಮತ್ತು ಜಾಣತನಗಳೆರಡೇ ತಂದುಕೊಟ್ಟುವೆ? ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗಳವರೆಗೆ 1894ರಲ್ಲಿ ರೈಲುಹಾದಿಯನ್ನು ಹಾಕಿಸಿದ್ದು ಮೈಸೂರು ಸಂಸ್ಥಾನ. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಗಣಿಗಳಿಗೆ ತಲುಪಿಸಿದ್ದೂ ಆ ಸಂಸ್ಥಾನವೇ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ. ಗಣಿಯ ಯಂತ್ರಗಳಿಗೆ ಅದಕ್ಕೂ ಮೂರು ವರ್ಷ ಮುಂಚೆ. ವಿದ್ಯುತ್ತಿಗೆ ಕಂಪನಿಗಳು ಬೆಲೆ ತೆತ್ತುವೆಂಬುದು ನಿಜ. ಆದರೂ ರೈತನ ಕಂದಾಯದಿಂದ ತುಂಬಿದ ಬೊಕ್ಕಸ ಧೈರ್ಯ ಮಾಡಿ ಹಣ ಹಾಕದಿದ್ದರೆ ಆ ತಂತಿ ಗಣಿಯನ್ನು ಮುಟ್ಟುತ್ತಿರಲಿಲ್ಲ. ಯಾವ ಧನಿಕನ ಸಂಪತ್ತನ್ನು ಕೆದಕಿದರೂ ಅದರ ಅಡಿಯಲ್ಲಿ ಇಂತಹದೊಂದು ಸಾರ್ವಜನಿಕ ತಂತಿ, ಸಾರ್ವಜನಿಕ ಹಳಿ ಕಾಣುತ್ತದೆ. ಧನಿಕನು ಹೆಚ್ಚು ತೆರಬೇಕೆಂಬ ವಾದಕ್ಕೆ ಅಸೂಯೆ ಕಾರಣವೆಂದು ಹೇಳುವವರು ಈ ತಂತಿಯನ್ನು ಮರೆಯುತ್ತಾರೆ.

ನೆಲದಡಿಗೆ ಇಳಿದವರ ಸ್ಥಿತಿಯನ್ನೂ ಹೇಳದೆ ಬಿಡುವಂತಿಲ್ಲ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಹೋಯಿತು. ಆ ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತಿತ್ತು. ಬದುಕಿ ಮೇಲೆ ಬಂದವರಲ್ಲಿಯೂ ಎಷ್ಟೋ ಜನರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಯಿತು. ಅದಿರಿನ ಒಂದು ಚೂರನ್ನೂ ಕದ್ದೊಯ್ಯದಿರಲೆಂದು ಕೆಲಸಗಾರರನ್ನು ಮೈತಪಾಸಣೆ ಮಾಡಿ ಹೊರಗೆ ಬಿಡುತ್ತಿದ್ದರು. 1930ರಲ್ಲಿ ಎಲ್ಲ ಕೆಲಸಗಾರರೂ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂಬ ನಿಯಮ ಬಂದಾಗ ಸಾವಿರಾರು ಜನ ಮುಷ್ಕರ ಹೂಡಿದರು. ಕೂಲಿಯವನ ಉಗುರಿನ ಸಂದಿಯನ್ನೂ ಪರೀಕ್ಷಿಸುವ ವ್ಯವಸ್ಥೆಯಿತ್ತು. ಒಂಬತ್ತು ಪಾಲು ಪಡೆದವನು ಯಾರೆಂದು ಕೇಳುವ ವ್ಯವಸ್ಥೆ ಕೋಲಾರದಲ್ಲಿರಲಿಲ್ಲ.

ಆದರೆ ಇಂಗ್ಲೆಂಡಿನಲ್ಲಿತ್ತು! ಈ ಕಥೆಯಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ಭಾಗ ಇದೇ. 1894ರಲ್ಲಿಯೇ ಬ್ರಿಟಿಷ್ ಸರ್ಕಾರ ಮೃತರ ಆಸ್ತಿಯ ಮೇಲೆ ಏರುವ ದರದ ತೆರಿಗೆಯನ್ನು ಜಾರಿಗೆ ತಂದಿತು. 1908ರ ಕಾನೂನಿನಂತೆ 1909ರ ಮೊದಲ ದಿನದಿಂದ ಅಲ್ಲಿನ ಬಡ ಮುದುಕರಿಗೆ ವೃದ್ಧಾಪ್ಯ ವೇತನ ಆರಂಭವಾಯಿತು. ಅದಕ್ಕೂ ಯುದ್ಧನೌಕೆಗಳಿಗೂ ಹಣ ಕೂಡಿಸಲು ಅರ್ಥಸಚಿವ ಲಾಯ್ಡ್ ಜಾರ್ಜ್ 1909ರ ಆಯವ್ಯಯದಲ್ಲಿ ಧನಿಕರ ಮೇಲೆ ಅಧಿಕ ತೆರಿಗೆಯನ್ನು ಸೂಚಿಸಿದನು. ಜಮೀನುದಾರ ಪ್ರಭುಗಳು ಮೇಲ್ಮನೆಯಲ್ಲಿ ಅದನ್ನು ತಿರಸ್ಕರಿಸಿದರು, ಚುನಾವಣೆ ನಡೆಯಿತು, 1910ರಲ್ಲಿ ಆಯವ್ಯಯ ಅಂಗೀಕಾರವಾಯಿತು. ಕೋಲಾರದ ಲಾಭಾಂಶವನ್ನು ಉಂಡ ಇಂಗ್ಲಿಷ್ ಧನಿಕನೂ ಈ ತೆರಿಗೆಗೆ ಒಳಪಟ್ಟವನೇ. ಹೀಗೆ ಮಾರಿಕುಪ್ಪದ ಬಂಡೆಯೊಳಗಿನ ಚಿನ್ನದ ಒಂದು ಕಣ ಸುತ್ತಿಬಳಸಿ ಇಂಗ್ಲೆಂಡಿನ ಯಾವುದೋ ಹಳ್ಳಿಯ ಅಜ್ಜಿಯ ವೃದ್ಧಾಪ್ಯ ವೇತನಕ್ಕೆ ಒದಗಿರಬಹುದು. ಬಂಡೆಯನ್ನು ಒಡೆದವನ ತಾಯಿಗೆ ಅದು ಒದಗಲಿಲ್ಲ. ತೆರಿಗೆ ಹಾಕುವ ಸರ್ಕಾರ ಎಲ್ಲಿದೆಯೋ ಸಂಪತ್ತಿನ ಪುಣ್ಯವೂ ಅಲ್ಲಿಗೇ ಸಲ್ಲುತ್ತದೆ.

ಸ್ವತಂತ್ರ ಭಾರತ ಈ ಪಾಠವನ್ನು ಕಲಿಯದೆ ಇರಲಿಲ್ಲ. 1953ರಲ್ಲಿ ಮೃತರ ಆಸ್ತಿಯ ಮೇಲಿನ ತೆರಿಗೆ ಇಲ್ಲಿಯೂ ಬಂತು. 1956ರಲ್ಲಿ ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡಾರ್ ಭಾರತದ ತೆರಿಗೆ ಪದ್ಧತಿಯನ್ನು ಕುರಿತು ವರದಿಯೊಂದನ್ನು ಸಿದ್ಧಪಡಿಸಿದನು. ಅವನು ಕೊಟ್ಟ ದೃಷ್ಟಾಂತ ಕೋಲಾರದವರಿಗೆ ಹೇಳಿಮಾಡಿಸಿದಂತಿದೆ. ಆಸ್ತಿಯೂ ಆದಾಯವೂ ಇಲ್ಲದ ಭಿಕ್ಷುಕ ಒಬ್ಬ; ತನ್ನ ಸಂಪತ್ತನ್ನೆಲ್ಲ ಚಿನ್ನ, ಒಡವೆಗಳ ರೂಪದಲ್ಲಿ ಪೆಟ್ಟಿಗೆಯಲ್ಲಿಟ್ಟು ಕುಳಿತವನು ಇನ್ನೊಬ್ಬ. ಆದಾಯವೊಂದನ್ನೇ ಅಳತೆಗೋಲಾಗಿ ಹಿಡಿದರೆ ಇಬ್ಬರೂ ಸಮಾನರು, ಇಬ್ಬರ ತೆರಿಗೆಯೂ ಸೊನ್ನೆ! ಆದುದರಿಂದ ಆದಾಯದ ಜೊತೆಗೆ ಸಂಪತ್ತಿನ ಮೇಲೂ ಮಿತವಾದ ತೆರಿಗೆ ಬೇಕೆಂದು ಅವನ ವಾದ. ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿ 1957ರಲ್ಲಿ ಸಂಪತ್ತು ತೆರಿಗೆಯನ್ನು ಜಾರಿಗೆ ತಂದರು. ಮರುವರ್ಷ ದಾನದ ಮೇಲೂ ತೆರಿಗೆ ಬಂತು. ಕಾಕತಾಳೀಯವೆಂಬಂತೆ ಆ 1956ರ ಕೊನೆಯಲ್ಲಿಯೇ ಮೈಸೂರು ಸರ್ಕಾರ ಕೋಲಾರದ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಸಮೃದ್ಧವಾದ ಅದಿರಿನ ಬಹುಭಾಗ ಮುಗಿದಿತ್ತು. 1962ರಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಸೇರಿದುವು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದುವು.

ಕಾಲ್ಡಾರನ ವರದಿಯಲ್ಲಿ ಇನ್ನೊಂದು ಮಾತಿತ್ತು. ಸರ್ಕಾರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಪತ್ತು ತೆರಿಗೆ ಮೊದಲಾದುವು ಬಂದರೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡಾ 45ಕ್ಕೆ ಇಳಿಸಬಹುದೆಂದು ಅವನು ಹೇಳಿದ್ದನು. ಇಳಿಸುವುದಿರಲಿ, 1973-74ರಲ್ಲಿ ಅದು ಅಧಿಕ ತೆರಿಗೆಯೂ ಸೇರಿ ಶೇಕಡಾ 97.75ಕ್ಕೆ ಏರಿತು. ನೂರು ರೂಪಾಯಿ ಗಳಿಸಿದರೆ ಕೈಯಲ್ಲಿ ಉಳಿಯುವುದು ಎರಡೂಕಾಲು ರೂಪಾಯಿ! ಇಂತಹ ಕಾನೂನು ಪ್ರಾಮಾಣಿಕನನ್ನು ದಂಡಿಸುತ್ತದೆ, ಚತುರನನ್ನು ಕಳ್ಳನನ್ನಾಗಿಸುತ್ತದೆ. ಕಪ್ಪುಹಣ ಎಂಬ ಮಾತು ಮನೆಮಾತಾದದ್ದರಲ್ಲಿ ಆ ಅವಿವೇಕದ ಪಾತ್ರ ದೊಡ್ಡದು. ಧನಿಕರ ಮೇಲಿನ ತೆರಿಗೆಯ ಪರವಾಗಿ ಮಾತನಾಡುವವರು ಆ ಕಾಲವನ್ನು ಮುಚ್ಚಿಡಬಾರದು. ಅತಿ ಎತ್ತರದ ದರ, ಅದರಲ್ಲಿ ನೂರೆಂಟು ವಿನಾಯಿತಿಯ ತೂತುಗಳು: ಈ ಎರಡೂ ಸೇರಿದರೆ ಬೊಕ್ಕಸಕ್ಕೆ ಬರುವುದು ಸದ್ದು ಮಾತ್ರ.

ತೂತು ಮುಚ್ಚಬೇಕಾಗಿತ್ತು, ಕೊಡವನ್ನೇ ಒಡೆದರು. 1985ರಲ್ಲಿ ಅರ್ಥಸಚಿವ ವಿ. ಪಿ. ಸಿಂಗ್ ಮೃತರ ಆಸ್ತಿಯ ತೆರಿಗೆಯನ್ನು ರದ್ದುಮಾಡಿದರು. ಬರುವ ಹಣ ವರ್ಷಕ್ಕೆ ಸುಮಾರು 20 ಕೋಟಿ ಮಾತ್ರ, ಅದೇ ಆಸ್ತಿಗೆ ಸಂಪತ್ತು ತೆರಿಗೆಯೂ ಇರುವಾಗ ಎರಡೆರಡು ಕಾನೂನೇಕೆ ಎಂಬುದು ಅವರು ಕೊಟ್ಟ ಕಾರಣ. 1998ರಲ್ಲಿ ದಾನದ ತೆರಿಗೆ ಹೋಯಿತು. 2015ರಲ್ಲಿ ಅರುಣ್ ಜೇಟ್ಲಿ ಸಂಪತ್ತು ತೆರಿಗೆಯನ್ನೂ ತೆಗೆದುಹಾಕಿದರು. 2013-14ರಲ್ಲಿ ಅದರಿಂದ ಬಂದದ್ದು 1,008 ಕೋಟಿ. ಅದಕ್ಕೆ ಬದಲಾಗಿ ಕೋಟಿಗೆ ಮೀರಿದ ಆದಾಯದವರ ಮೇಲೆ ಶೇಕಡಾ 2ರ ಹೆಚ್ಚುವರಿ ಸರ್ಚಾರ್ಜ್ ಹಾಕಿದರೆ ಸುಮಾರು 9,000 ಕೋಟಿ ಬರುವುದೆಂದು ಅವರ ಲೆಕ್ಕ. ಲೆಕ್ಕದಲ್ಲಿ ಹುರುಳಿತ್ತು. ಆದರೆ ಸರ್ಚಾರ್ಜ್ ಬೀಳುವುದು ಆದಾಯದ ಮೇಲೆ. ಕಾಲ್ಡಾರನ ಪೆಟ್ಟಿಗೆಯ ಮೇಲೆ ಕುಳಿತವನು ಮತ್ತೆ ಭಿಕ್ಷುಕನ ಸಾಲಿಗೆ ಸೇರಿಕೊಂಡನು. ಇನ್ನೊಂದು ತೆರಿಗೆ ಇದೆಯಲ್ಲ ಎಂದು ಒಂದನ್ನು ತೆಗೆದರು, ಮೂವತ್ತು ವರ್ಷಗಳ ಮೇಲೆ ಆ ಇನ್ನೊಂದನ್ನೂ ತೆಗೆದರು. ಎಷ್ಟೇ ಕೋಟಿಯ ಆಸ್ತಿ ತಂದೆಯಿಂದ ಮಗನಿಗೆ ಬಂದರೂ ಭಾರತದಲ್ಲಿ ಅದಕ್ಕೆ ಉತ್ತರಾಧಿಕಾರ ತೆರಿಗೆ ಇಲ್ಲ. ಬ್ರಿಟನ್ನಿನಲ್ಲಿ 3,25,000 ಪೌಂಡು ಮೀರಿದ ಆಸ್ತಿಗೆ ಸಾಮಾನ್ಯವಾಗಿ ಶೇಕಡಾ 40. ಜಪಾನಿನಲ್ಲಿ ಗರಿಷ್ಠ ದರ ಶೇಕಡಾ 55. ಅವೇನೂ ಸಮತಾವಾದಿ ರಾಷ್ಟ್ರಗಳಲ್ಲ.

ಈ ಔದಾರ್ಯದ ಫಲವೇನು? ತೋಮಾ ಪಿಕೆಟ್ಟಿ ಮೊದಲಾದ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022-23ರಲ್ಲಿ ಭಾರತದ ಒಟ್ಟು ಸಂಪತ್ತಿನಲ್ಲಿ ಶೇಕಡಾ 40.1ರಷ್ಟು ಮೇಲಿನ ಶೇಕಡಾ ಒಂದರಷ್ಟು ಜನರ ಕೈಯಲ್ಲಿತ್ತು. ಇತ್ತ ಮಧ್ಯಮ ವರ್ಗದವನ ಸ್ಥಿತಿ ನೋಡಿ. 2025-26ರ ಹೊಸ ಪದ್ಧತಿಯಲ್ಲಿ ಸಂಬಳದ ಆದಾಯ 24 ಲಕ್ಷವನ್ನು ದಾಟಿದರೆ ದಾಟಿದ ಭಾಗಕ್ಕೆ ಶೇಕಡಾ 30. ಷೇರುಗಳನ್ನು ವರ್ಷಕ್ಕೆ ಮೀರಿ ಇಟ್ಟುಕೊಂಡು ಮಾರಿದವನ ಲಾಭಕ್ಕೆ, ಅದು ಎಷ್ಟೇ ಕೋಟಿಯಾಗಲಿ, 2024ರ ಜುಲೈಯಿಂದ ಮೂಲದರ ಶೇಕಡಾ 12.5. ದುಡಿದ ಹಣಕ್ಕಿಂತ ಕುಳಿತು ಬೆಳೆದ ಹಣ ಸರ್ಕಾರಕ್ಕೆ ಪ್ರಿಯವಾದುದೇಕೆಂದು ಕೇಳಿದರೆ ಉತ್ತರ ಸುಲಭವಲ್ಲ. ಗೃಹಿಣಿಯರಿಗೆ ಇನ್ನೂ ಹತ್ತಿರದ ದೃಷ್ಟಾಂತ ಬೇಕಾದರೆ ಅಂಗಡಿಯ ಬಿಲ್ಲನ್ನೇ ನೋಡಬಹುದು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಮೈಸೋಪಿಗೆ ಶೇಕಡಾ 18, ಚಿನ್ನಕ್ಕೆ ಶೇಕಡಾ 3. 2025ರ ಸೆಪ್ಟೆಂಬರಿನಲ್ಲಿ ಸೋಪಿನ ದರ 5ಕ್ಕೆ ಇಳಿಯಿತು. ಚಿನ್ನದ್ದು ಈಗಲೂ 3. ಅಷ್ಟು ವರ್ಷ ಸೋಪು ಕೊಂಡ ಬಡವನು ಒಂದೊಂದು ರೂಪಾಯಿಗೆ ತೆತ್ತ ತೆರಿಗೆ ಚಿನ್ನ ಕೊಂಡವನಿಗಿಂತ ಆರು ಪಟ್ಟು.

ರಾಜನು ತೆರಿಗೆ ತೆಗೆದುಕೊಳ್ಳುವುದು ಸೂರ್ಯನು ನೀರನ್ನು ಹೀರಿ ಮಳೆಯಾಗಿ ಸುರಿಸುವಂತೆ ಎಂಬ ಕಾಳಿದಾಸನ ಉಪಮೆ ಆಯವ್ಯಯದ ಭಾಷಣಕಾರರಿಗೆ ಬಹು ಪ್ರಿಯ. ಕೋಲಾರ ಜಿಲ್ಲೆಯ ರೈತನಿಗೆ ಇನ್ನೊಂದು ಸಂಗತಿಯೂ ಗೊತ್ತು: ಬೇಸಗೆಯಲ್ಲಿ ಸೂರ್ಯನಿಂದ ಮೊದಲು ಬತ್ತುವುದು ಊರಿನ ಕುಂಟೆ, ಕಡಲಲ್ಲ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆ ಉಪಮೆಗಿಂತ ಹೆಚ್ಚು ಲೆಕ್ಕ ಬಲ್ಲದು.

ಅದೇ ಅರ್ಥಶಾಸ್ತ್ರಜ್ಞರು ಸೂಚಿಸಿದ ಯೋಜನೆ ಭಯಂಕರವಾದುದೇನೂ ಅಲ್ಲ. ಸಾಲವನ್ನು ಕಳೆದು ನಿವ್ವಳ ಆಸ್ತಿ 10 ಕೋಟಿಯನ್ನು ಮೀರಿದವರ ಮೇಲೆ ವರ್ಷಕ್ಕೆ ಶೇಕಡಾ 2; ಅಷ್ಟನ್ನು ಮೀರಿದ ಉತ್ತರಾಧಿಕಾರಕ್ಕೆ ಶೇಕಡಾ 33. ವಯಸ್ಕರಲ್ಲಿ ಹತ್ತು ಸಾವಿರಕ್ಕೆ ನಾಲ್ವರು ಮಾತ್ರ ಇದಕ್ಕೆ ಒಳಪಡುತ್ತಾರೆಂದು ಅವರ ಅಂದಾಜು. ದರದ ಬಗ್ಗೆ ಚರ್ಚೆಗೆ ಅವಕಾಶವುಂಟು. ರಾಬರ್ಟ್‌ಸನ್‌ಪೇಟೆಯಲ್ಲಿ ತಾತ ಕಟ್ಟಿಸಿದ ಮನೆ, ಮಗಳ ಮದುವೆಗೆಂದು ಕೂಡಿಸಿದ ನಾಲ್ಕು ಬಳೆ, ನಿವೃತ್ತಿಯ ಠೇವಣಿ ಇರುವ ಕುಟುಂಬ ಆ ಗೆರೆಯ ಸಮೀಪಕ್ಕೂ ಸುಳಿಯದು. ಇಂದು ಹತ್ತು ಕೋಟಿ, ನಾಳೆ ಹತ್ತು ಲಕ್ಷ ಎಂದು ಅಂಜುವವರು, ಈಗ ಧನಿಕನು ಕೊಡದುದನ್ನು ಯಾರು ಕೊಡುತ್ತಿದ್ದಾರೆಂದು ತಮ್ಮ ಸಂಬಳದ ಚೀಟಿಯನ್ನು ಕೇಳಿ ನೋಡಬೇಕು.

ಧನಿಕರು ದೇಶ ಬಿಟ್ಟು ಓಡುತ್ತಾರೆ ಎಂಬ ಹೆದರಿಕೆಯಲ್ಲಿ ಸತ್ಯಾಂಶವುಂಟು. ನಾರ್ವೆ 2022ರಲ್ಲಿ ಸಂಪತ್ತು ತೆರಿಗೆಯನ್ನು ಏರಿಸಿದಾಗ ಕೆಲವು ಕುಬೇರರು ಸ್ವಿಟ್ಜರ್ಲೆಂಡಿಗೆ ಹೊರಟುಹೋದರು. ತಮಾಷೆಯೆಂದರೆ ಸ್ವಿಟ್ಜರ್ಲೆಂಡಿನಲ್ಲಿಯೂ ಸಂಪತ್ತು ತೆರಿಗೆಯಿದೆ, ದರ ಕಡಮೆ ಅಷ್ಟೆ. ಮನುಷ್ಯ ಓಡಬಹುದು, ಜಮೀನು, ಕಟ್ಟಡ, ಕಾರ್ಖಾನೆ, ನೆಲದೊಳಗಿನ ಅದಿರು ಓಡಲಾರವು. ಆಸ್ತಿಯನ್ನು ಪತ್ತೆಹಚ್ಚುವುದು ಅಸಾಧ್ಯವೆಂಬ ಹಳೆಯ ವಾದವೂ ಸವೆದಿದೆ. ಕರ್ನಾಟಕದ ಪಹಣಿಗಳು ಭೂಮಿ ಯೋಜನೆಯಿಂದ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಗಣಕಯಂತ್ರಕ್ಕೆ ಏರಿವೆ. ಷೇರುಗಳು ಬಹುಮಟ್ಟಿಗೆ ಡಿಮ್ಯಾಟ್ ಖಾತೆಯಲ್ಲಿವೆ. ಪ್ರತಿಯೊಂದು ಖಾತೆಗೂ ಪ್ಯಾನ್ ಸಂಖ್ಯೆ ಅಂಟಿದೆ. ಕೂಲಿಯವನ ಬೆರಳಚ್ಚನ್ನು 1930ರಲ್ಲಿಯೇ ಕೇಳಿದ ನಾಡಿಗೆ ಕೋಟ್ಯಧೀಶನ ಲೆಕ್ಕ ಕೇಳುವುದು ಈಗ ಕಷ್ಟವಾಗಬೇಕಾಗಿಲ್ಲ.

ಕಷ್ಟವಿರುವುದು ಮನಸ್ಸಿನಲ್ಲಿ. ಅದಕ್ಕೆ ಪರೀಕ್ಷೆಯೂ ಕೋಲಾರದಲ್ಲಿಯೇ ಒದಗಿಬಂದಿದೆ. ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಸುತ್ತ ಉಳಿದದ್ದು, ಅದಿರನ್ನು ಅರೆದು ಚಿನ್ನ ಬೇರ್ಪಡಿಸಿ ಚೆಲ್ಲಿದ ಮಣ್ಣಿನ ಬೂದುಬಣ್ಣದ ರಾಶಿಗಳು. ಊರಿನವರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿ ಬೀಸುವ ದಿನಗಳಲ್ಲಿ ಅದರ ಧೂಳು ಒಣಹಾಕಿದ ಬಟ್ಟೆಗಳ ಮೇಲೆ, ಮುಚ್ಚಳ ಮರೆತ ಪಾತ್ರೆಗಳೊಳಗೆ ಕೂರುತ್ತದೆ. ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಊರಿನ ಮಕ್ಕಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ದಿಬ್ಬಗಳಲ್ಲಿ ಇನ್ನೂ ಚಿನ್ನದ ಕಣಗಳಿವೆ. ಸುಮಾರು 1,003 ಎಕರೆಯಲ್ಲಿ ಹರಡಿರುವ 13 ದಿಬ್ಬಗಳಿಂದ ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಆದುದರಿಂದ ಪಾಲಿನ ಪ್ರಶ್ನೆ ಮತ್ತೆ ಎದ್ದಿದೆ. ಇಂದಿನ ಗಣಿ ಕಾನೂನಿನಂತೆ ಚಿನ್ನದ ಗಣಿಯ ರಾಜಧನ, ಲಂಡನ್ ಮಾರುಕಟ್ಟೆಯ ಬೆಲೆಯಲ್ಲಿ ಶೇಕಡಾ 4. ಟೇಲರ್ ಸಂಸ್ಥೆ ಒಪ್ಪಿದ್ದಕ್ಕಿಂತ ಒಂದು ಕಡಮೆ! 2015ರಿಂದೀಚೆಗೆ ಹರಾಜಿನ ಹೆಚ್ಚುವರಿ ಪಾಲೂ, ಗಣಿ ಬಾಧಿತ ಪ್ರದೇಶಗಳಿಗೆಂದು ಜಿಲ್ಲಾ ಖನಿಜ ನಿಧಿಯೂ ಸೇರಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ರಾಜಧನವು ತೆರಿಗೆಯಲ್ಲ, ಅದರ ಮೇಲೆ ಖನಿಜ ಹಕ್ಕುಗಳಿಗೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗುಂಟು ಎಂದು 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ವಿಧಾನಮಂಡಲ ಅಂತಹ ತೆರಿಗೆಯ ಮಸೂದೆಯನ್ನು ಅಂಗೀಕರಿಸಿತು. 1904ರ ಲೆಕ್ಕಪತ್ರದಲ್ಲಿ ಒಂದು ಎಂಬ ಅಂಕಿ ಬರೆದಿದ್ದ ಜಾಗದಲ್ಲಿ ಈ ಸಲ ಯಾವ ಅಂಕಿ ಬರೆಯುತ್ತಾರೆ, ಆ ಹಣದಲ್ಲಿ ಎಷ್ಟು ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೂ ಶಾಲೆಗೂ ಬರುತ್ತದೆ ಎಂಬುದನ್ನು ಊರಿನವರು ಕಾದು ನೋಡುತ್ತಿದ್ದಾರೆ.